ದಿನಾ ಶಟ್‌ಡೌನ್ ಮಾಡ್ತೀನಿ, ಆದ್ರೂ ರೀಸ್ಟಾರ್ಟ್ ಯಾಕೆ?

ಪ್ರಶ್ನೆ: ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಿಂಡೋಸ್ 11 ಕಂಪ್ಯೂಟರ್. ಪ್ರತಿ ತಿಂಗಳು ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ಲೆಕ್ಕ) ಹಾಕುವ ಗಡಿಬಿಡಿಯಲ್ಲೇ ಅಪ್‌ಡೇಟ್ ಬಂದು ‘ರೀಸ್ಟಾರ್ಟ್ ಮಾಡಿ’ ಅಂತ ಪೀಡಿಸುತ್ತದೆ. ಮೊಬೈಲ್ ಆ್ಯಪ್‌ಗಳಿಗೆ ಈ ರಗಳೆ ಇಲ್ಲ. ಅದೂ ಅಲ್ಲದೆ ದಿನಾ ಸಂಜೆ ಶಟ್‌ಡೌನ್ ಮಾಡಿಯೇ ಮನೆಗೆ ಹೋಗುತ್ತೇನೆ. ಅಷ್ಟು ಸಾಲದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಲದು. ನಾಳೆ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಒತ್ತಿದರೆ ಕೆಳಗೆ ‘ಅಪ್ ಟೈಮ್’ ಕಾಣುತ್ತದೆ. ಎರಡು ನಿಮಿಷ ಅಂತ ಇರಬೇಕಾದ ಕಡೆ ಒಂಬತ್ತು ದಿನ ಅಂತ ಇದ್ದರೆ ಗಾಬರಿ ಬೇಡ. ಅದು ‘ಫಾಸ್ಟ್ ಸ್ಟಾರ್ಟಪ್’ ಮಹಿಮೆ. ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳೆಲ್ಲ ಮುಚ್ಚುತ್ತವೆ ನಿಜ. ಆದರೆ ವಿಂಡೋಸ್‌ನ ಒಳತಿರುಳು, ಅಂದರೆ ಕರ್ನಲ್, ಇದ್ದ ಸ್ಥಿತಿಯಲ್ಲೇ ಡಿಸ್ಕ್ ಸೇರುತ್ತದೆ. ಬೆಳಗ್ಗೆ ಅಲ್ಲಿಂದಲೇ ಎದ್ದು ಬರುತ್ತದೆ. ಬೇಗ ಆನ್ ಆಗಲಿ ಅಂತ ವಿಂಡೋಸ್ 8ರಿಂದ ಬಂದ ಏರ್ಪಾಡು. ವಿಂಡೋಸ್ ಎಲ್ಲವನ್ನೂ ಮೊದಲಿಂದ ಶುರು ಮಾಡುವುದು ರೀಸ್ಟಾರ್ಟ್ ಒತ್ತಿದಾಗಲೇ. ಹೆಸರು ಓದಿದರೆ ಯಾರಿಗಾದರೂ ಉಲ್ಟಾ ಅನ್ನಿಸುತ್ತದೆ, ಅಲ್ವಾ?

ಇನ್ನು ಮೂಲ ಪ್ರಶ್ನೆ, ಅಪ್‌ಡೇಟ್‌ಗೆ ರೀಸ್ಟಾರ್ಟ್ ಯಾಕೆ ಅಂತ. ಮದುವೆ ಮನೆಯಲ್ಲಿ ಭಟ್ಟರು ಬೆಳಗ್ಗೆಯೇ ‘ಐನೂರು ಜನಕ್ಕೆ ಅಡುಗೆ’ ಎಂಬ ಚೀಟಿ ಓದಿಕೊಂಡು ಒಲೆ ಹಚ್ಚಿದ್ದಾರೆ. ಹತ್ತು ಗಂಟೆಗೆ ನೀವು ಗೋಡೆಯ ಮೇಲಿನ ಚೀಟಿ ಬದಲಿಸಿದಿರಿ. ಭಟ್ಟರಿಗೇನು ಗೊತ್ತು? ಅವರು ತಲೆಯಲ್ಲಿದ್ದ ಲೆಕ್ಕದಲ್ಲೇ ಬೇಯಿಸುತ್ತಾರೆ. ಆಮೇಲೆ ಬಂದ ಸಹಾಯಕ ಹೊಸ ಚೀಟಿ ನೋಡಿದನೋ, ಅನ್ನ ಐನೂರು ಜನಕ್ಕೆ, ಸಾರು ಎಂಟುನೂರು ಜನಕ್ಕೆ! ಕಂಪ್ಯೂಟರಿನಲ್ಲೂ ಓಡುವುದು ಮೆಮೊರಿಯಲ್ಲಿರುವ ಪ್ರತಿ. ಡಿಸ್ಕಿನಲ್ಲಿ ಫೈಲ್ ಬದಲಾದರೂ ಆಗಲೇ ಓಡುತ್ತಿರುವುದು ಹಳೆಯದೇ.

ವಿಂಡೋಸ್ ಇನ್ನೂ ಒಂದು ಹೆಜ್ಜೆ ಮುಂದೆ. ಬಳಕೆಯಲ್ಲಿರುವ ಸಿಸ್ಟಂ ಫೈಲನ್ನು ಅಳಿಸಿ ಹೊಸದನ್ನು ಹಾಕಲು ಅದು ಸಾಮಾನ್ಯವಾಗಿ ಬಿಡುವುದೇ ಇಲ್ಲ. ಪಟ್ಟಿ ಬರೆದಿಟ್ಟುಕೊಂಡು, ಮುಂದಿನ ಸಲ ರೀಸ್ಟಾರ್ಟ್ ಆಗುವಾಗ ಬೇರೆ ಯಾರೂ ಏಳುವ ಮೊದಲೇ ಬದಲಿಸುತ್ತದೆ. ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಬದಲಿಸಲು ಬಿಡುತ್ತದೆ, ಹಳೆಯ ಫೈಲ್ ಅದನ್ನು ಹಿಡಿದಿರುವ ಪ್ರೋಗ್ರಾಂ ಮುಗಿಯುವ ತನಕ ಉಳಿಯುತ್ತದೆ. ಹಾಗಂತ ಅಲ್ಲೂ ಕರ್ನಲ್ ಬದಲಾದರೆ ಸಾಮಾನ್ಯವಾಗಿ ರೀಸ್ಟಾರ್ಟ್ ಬೇಕು.

ಮೊಬೈಲ್ ಆ್ಯಪ್ ಹಾಗಲ್ಲ. ಆ ಒಂದನ್ನು ಮುಚ್ಚಿ ಬದಲಿಸಿದರೆ ಬೇರೆ ಯಾರಿಗೂ ತೊಂದರೆಯಿಲ್ಲ. ಕರ್ನಲ್ ಮುಚ್ಚಿದರೆ ಅದರ ಮೇಲೆ ನಿಂತದ್ದೆಲ್ಲ ಬಿತ್ತು. ಮೊಬೈಲಿನ ಆಂಡ್ರಾಯ್ಡ್ ಅಪ್‌ಡೇಟ್ ಆದಾಗ ಅದೂ ರೀಸ್ಟಾರ್ಟ್ ಕೇಳುತ್ತದಲ್ಲ.

ರೀಸ್ಟಾರ್ಟ್ ಇಲ್ಲದೆ ಆಗುವುದೇ ಇಲ್ಲವೇ? ಆಗುತ್ತದೆ. ಓಡುತ್ತಿರುವ ಕೋಡಿನಲ್ಲೇ, ಹಳೆಯ ಭಾಗ ತಲುಪುವ ಮುಂಚೆ ಹೊಸದಕ್ಕೆ ತಿರುಗುವಂತೆ ಮಾಡುತ್ತಾರೆ. 2015ರಲ್ಲಿ ಲಿನಕ್ಸ್ ಕರ್ನಲ್ 4.0 ಜೊತೆ ಇದು ಬಂತು. 2025ರಲ್ಲಿ ವಿಂಡೋಸ್ 11ರ ಎಂಟರ್‌ಪ್ರೈಸ್ ಆವೃತ್ತಿಗೂ ‘ಹಾಟ್‌ಪ್ಯಾಚ್’ ಸಿಕ್ಕಿತು. ಅಲ್ಲೂ ಮೂರು ತಿಂಗಳಿಗೊಮ್ಮೆ ರೀಸ್ಟಾರ್ಟ್ ತಪ್ಪಿದ್ದಲ್ಲ.

ನಿಮ್ಮ ಮೇಲೆ ವಿಂಡೋಸ್‌ಗೆ ಹಗೆಯೇನಿಲ್ಲ. ತಿಂಗಳ ಅಪ್‌ಡೇಟ್ ಬಿಡುವುದು ಅಮೆರಿಕದ ಎರಡನೇ ಮಂಗಳವಾರ. ನಮಗೆ ಆಗ ರಾತ್ರಿ, ಕಣ್ಣಿಗೆ ಬೀಳುವುದು ಬುಧವಾರ. ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ರೊಳಗೆ. ನಿಮ್ಮ ಜಿಎಸ್‌ಟಿಆರ್-1 ಕೊನೆಯ ದಿನ 11. ಸೆಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ 7ನೇ ತಾರೀಖೇ ಒಂದು ವಾರ ‘ಪಾಝ್’ (Pause, ಅಂದರೆ ತಡೆ) ಒತ್ತಿಡಿ. ಅದಕ್ಕಿಂತ ಜಾಸ್ತಿ ಬೇಡ. 2017ರ ಮೇನಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹರಡಿತಲ್ಲ, ಅದು ನುಗ್ಗಿದ ತೂತಿಗೆ ಮಾರ್ಚ್‌ನಲ್ಲೇ ಪ್ಯಾಚ್, ಅಂದರೆ ತೇಪೆಯ ಅಪ್‌ಡೇಟ್, ಬಂದಿತ್ತು. ವಾರ ಮುಗಿದ ಮೇಲೆ ಊಟಕ್ಕೆ ಏಳುವಾಗ ‘ಅಪ್‌ಡೇಟ್ ಆ್ಯಂಡ್ ರೀಸ್ಟಾರ್ಟ್’ ಒತ್ತಿ ಹೋಗಿ. ಎಕ್ಸೆಲ್ ಸೇವ್ ಮಾಡುವುದು ಮರೆಯಬೇಡಿ.