ಹಿತ್ತಿಲ ವಿನ್ಯಾಸ ಮತ್ತು ಮಳೆನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 40x60 ಅಡಿಯ ನಿವೇಶನ. ಮನೆಯ ಹಿಂದೆ 18 ಅಡಿ ಅಗಲದ ಹಿತ್ತಿಲಿದೆ. ಜೋರು ಮಳೆ ಬಂದಾಗಲೆಲ್ಲ ಅಡುಗೆಮನೆಯ ಹಿಂಬದಿಯಲ್ಲಿ ನೀರು ನಿಂತು ಗೋಡೆಗೆ ತೇವ ಏರುತ್ತದೆ. ಇಡೀ ಹಿತ್ತಿಲಿಗೆ ಕಾಂಕ್ರೀಟ್ ಹಾಕಿಸಿ ನೀರನ್ನು ಚರಂಡಿಗೆ ಬಿಡಿ ಎಂದು ಗುತ್ತಿಗೆದಾರರೊಬ್ಬರು ಹೇಳುತ್ತಾರೆ. ನನಗೆ ಉದ್ಯಾನ ವಿನ್ಯಾಸ ಕಲಿಯುವ ಆಸೆಯಿದೆ. ಈ ಹಿತ್ತಿಲಿನಿಂದಲೇ ಆರಂಭಿಸಬಹುದೇ?
– ನಿವೃತ್ತ ಶಿಕ್ಷಕಿ, ಯಲಹಂಕ, ಬೆಂಗಳೂರು

ಉತ್ತರ: ಧಾರಾಳವಾಗಿ ಆರಂಭಿಸಬಹುದು, ಆದರೆ ನರ್ಸರಿಯಿಂದಲ್ಲ. ಗಿಡಗಳನ್ನು ಮೊದಲು ಕೊಂಡು ತಂದು, ಆಮೇಲೆ ಅವುಗಳಿಗೆ ಜಾಗ ಹುಡುಕುವ ಪದ್ಧತಿಯಿಂದ ಹಿತ್ತಿಲು ತುಂಬುತ್ತದೆಯೇ ಹೊರತು ವಿನ್ಯಾಸ ಕೈಗೆ ಹತ್ತುವುದಿಲ್ಲ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗಬೇಕು ಎಂಬುದು ತೀರ್ಮಾನವಾದ ಮೇಲೆ ಗಿಡ, ಕಲ್ಲುಹಾಸು, ಕೂರುವ ಕಟ್ಟೆ ಎಲ್ಲಕ್ಕೂ ತಮ್ಮ ತಮ್ಮ ಜಾಗ ಬಹುಮಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ.

ಮುಂದಿನ ಮಳೆಗೆ ಕೊಡೆ ಹಿಡಿದು ಹಿತ್ತಿಲಿನಲ್ಲಿ ನಿಂತು ನೋಡಿ. ತಾರಸಿಯ ಪೈಪು ಸುರಿಯುವ ಜಾಗ, ನೀರು ಹರಿಯುವ ಗೆರೆ, ಕೆಂಪಗೆ ಮಡುಗಟ್ಟುವ ಮೂಲೆ ಇವನ್ನು ಗುರುತಿಸಿಕೊಂಡು, ಮಳೆ ನಿಂತ ಮೇಲೆ ಆ ಅಂಚುಗಳಿಗೆ ಗೂಟ ನೆಡಿ. ಬಳಿಕ ಎ3 ಅಳತೆಯ ಗ್ರಾಫ್ ಹಾಳೆಯಲ್ಲಿ ಒಂದು ಅಡಿಗೆ ಒಂದು ಸೆಂಟಿಮೀಟರಿನಂತೆ ಹಿತ್ತಿಲಿನ ನಕ್ಷೆ ಬರೆಯಿರಿ. ನಿಮ್ಮ ಜಾಗ ಆ ಹಾಳೆಯಲ್ಲಿ ಸರಿಯಾಗಿ ಹಿಡಿಸುತ್ತದೆ. ಅದರ ಮೇಲೆ ಟ್ರೇಸಿಂಗ್ ಹಾಳೆಗಳನ್ನಿಟ್ಟು ಒಂದರಲ್ಲಿ ನೀರಿನ ದಾರಿ, ಇನ್ನೊಂದರಲ್ಲಿ ಬೆಳಗ್ಗೆ ಮತ್ತು ಸಂಜೆಯ ಬಿಸಿಲು, ಮತ್ತೊಂದರಲ್ಲಿ ಮನೆಯವರ ಓಡಾಟ, ಅಂದರೆ ಬಟ್ಟೆ ಒಗೆಯುವ ಕಲ್ಲು, ತಂತಿ, ಸಂಪಿನ ಮುಚ್ಚಳ, ತುಳಸಿಕಟ್ಟೆ ಇವುಗಳ ನಡುವಿನ ಹಾದಿಯನ್ನು ಗುರುತಿಸಿ. ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಎಲ್ಲಿ ಏನು ಬರಬಾರದು ಎಂಬುದು ಕಣ್ಣಿಗೆ ಕಾಣುತ್ತದೆ. ವೃತ್ತಿಪರ ವಿನ್ಯಾಸಕಾರರು ದೊಡ್ಡ ಉದ್ಯಾನಗಳಿಗೂ ಹೀಗೆಯೇ ಕೆಲಸ ಮಾಡುತ್ತಾರೆ.

ಇನ್ನು ಲೆಕ್ಕ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿಯ ಹಿಂಭಾಗ ಸುಮಾರು 600 ಚದರ ಅಡಿ, ಅಂದರೆ 56 ಚದರ ಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಸಂಜೆಯೊಂದರಲ್ಲಿ 50 ಮಿಲಿಮೀಟರ್ ಮಳೆ ಸುರಿದರೆ 2,800 ಲೀಟರ್ ನೀರು ಅದೊಂದೇ ಪೈಪಿನಿಂದ ಇಳಿಯುತ್ತದೆ. ಮಳೆಕೊಯ್ಲೆಂದು ಹಲವರು ಪೈಪಿನ ಕೆಳಗೆ ಇಡುವ 200 ಲೀಟರಿನ ಡ್ರಮ್ಮು ನಾಲ್ಕು ಮಿಲಿಮೀಟರ್ ಮಳೆಗೇ ತುಂಬಿ ಚೆಲ್ಲುತ್ತದೆ. ಡ್ರಮ್ಮು ಬೇಡವೆಂದಲ್ಲ, ಅದನ್ನೇ ನಂಬಿ ಕೂರಬಾರದು.

ನಿಮ್ಮ ಜಾಗಕ್ಕೆ ನನ್ನ ಸಲಹೆ ಮಳೆತೋಟ. ನೀರನ್ನು ಕೆಲವು ಗಂಟೆ ಹಿಡಿದಿಟ್ಟು ಇಂಗಿಸುವ, ತಟ್ಟೆಯಂತೆ ತಗ್ಗಾದ ಗಿಡಗಳ ಪಾತಿ ಇದು. 1990ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಬಡಾವಣೆಯೊಂದರಲ್ಲಿ ಮನೆಮನೆಗೂ ಇಂಥ ಪಾತಿ ಮಾಡಿಸಿದ ಬಳಿಕ ಈ ಕ್ರಮ ಬೇರೆಡೆಗೂ ಹಬ್ಬಿತು. ಮನೆಯ ಅಡಿಪಾಯದಿಂದ 10 ಅಡಿ, ಕಾಂಪೌಂಡಿನಿಂದ 2 ಅಡಿ ಬಿಟ್ಟರೆ ನಿಮಗೆ 6 ಅಡಿ ಅಗಲ ಉಳಿಯುತ್ತದೆ. 12 ಅಡಿ ಉದ್ದ, 6 ಅಂಗುಲ ಆಳದ ಪಾತಿ ಮಾಡಿದರೆ ಒಂದು ಸಲಕ್ಕೆ ಸುಮಾರು 1,000 ಲೀಟರ್ ನೀರು ನಿಲ್ಲುತ್ತದೆ. ಮಿಕ್ಕದ್ದನ್ನು ಇಂಗುಬಾವಿಗೆ ತಿರುಗಿಸಬಹುದು. 3 ಅಡಿ ವ್ಯಾಸದ 20 ಅಡಿ ಆಳದ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಬಾವಿಗೆ ತಾರಸಿಯ ನೀರು ಮಾತ್ರ, ಅದೂ ಸೋಸಿದ ಮೇಲೆ ಹೋಗಬೇಕು. ಬಚ್ಚಲು ಮತ್ತು ವಾಷಿಂಗ್ ಮೆಷಿನ್ ನೀರು ಅತ್ತ ಸುಳಿಯಕೂಡದು. ಬಾವಿಯನ್ನು ತಲೆಮಾರುಗಳಿಂದ ಆ ಕೆಲಸ ಮಾಡುತ್ತಿರುವ ಭೋವಿ ಸಮುದಾಯದವರಿಂದ ತೋಡಿಸಿ, ತೋಡುವಾಗ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳಿ. ಮೇಲೆ ಬಂದ ಮಣ್ಣನ್ನು ಬೆರಳಲ್ಲಿ ಹಿಸುಕಿ ನೀರು ಇಂಗುತ್ತದೋ ಇಲ್ಲವೋ ಎಂದು ಹೇಳಬಲ್ಲವರು ಅವರಲ್ಲಿದ್ದಾರೆ.

ಪಾತಿ ತೆಗೆಯುವ ಮೊದಲು ಆ ಜಾಗದಲ್ಲಿ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಸ್ಕೇಲು ನಿಲ್ಲಿಸಿ ಗಂಟೆಗೆ ಎಷ್ಟು ಇಳಿಯಿತೆಂದು ನೋಡಿ. ಒಂದು ಅಂಗುಲ ಇಳಿದರೆ ಪಾತಿ ಆರು ಗಂಟೆಯಲ್ಲಿ ಖಾಲಿಯಾಗುತ್ತದೆ. ಕಾಲು ಅಂಗುಲವೂ ಇಳಿಯದಿದ್ದರೆ ಆ ಜಾಗ ಬಿಡಿ. ಸೊಳ್ಳೆಯ ಭಯ ಬೇಡ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ನಿಂತ ನೀರು ಬೇಕು, ಇಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ಗೋಡೆಯ ತೇವಕ್ಕೆ ಮದ್ದು ಇಳಿಜಾರು. ಮನೆಯ ಬುಡದಿಂದ ಹೊರಕ್ಕೆ ಪ್ರತಿ ನಾಲ್ಕು ಅಡಿಗೆ ಒಂದು ಅಂಗುಲ ತಗ್ಗುವಂತೆ ಮಣ್ಣು ಏರಿಸಿ, ಗಾರೆಯವರ ಟ್ಯೂಬು ಮಟ್ಟದಿಂದ, ಅಂದರೆ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಪರೀಕ್ಷಿಸಿ.

ಗಿಡಗಳ ಸರದಿ ಈಗ. ತಗ್ಗಿನ ನಡುವೆ ಕಾಬಾಳೆ, ಕೆಸು, ಬಜೆ. ಅಂಚಿನ ಇಳಿಜಾರಿಗೆ ಲಾವಂಚ, ಮಜ್ಜಿಗೆ ಹುಲ್ಲು. ಮೇಲಿನ ದಿಣ್ಣೆಗೆ ದಾಸವಾಳ, ನಂದಿಬಟ್ಟಲು. ಕರಿಬೇವು ಮತ್ತು ಪಪ್ಪಾಯಿಯನ್ನು ತಗ್ಗಿನಿಂದ ದೂರವಿಡಿ, ಬೇರಿನಲ್ಲಿ ನೀರು ನಿಂತರೆ ಅವು ಕೊಳೆಯುತ್ತವೆ.

ಗುತ್ತಿಗೆದಾರರ ಸಲಹೆಯಿಂದ ನಿಮ್ಮ ಗೋಡೆ ಒಣಗೀತು, ಆದರೆ ಅಷ್ಟೂ ನೀರು ನಗರದ ದೊಡ್ಡ ಮಳೆನೀರು ಕಾಲುವೆಯಾದ ರಾಜಕಾಲುವೆ ಸೇರಿ ತಗ್ಗಿನ ಬಡಾವಣೆಯ ಮನೆಗಳಿಗೆ ನುಗ್ಗುತ್ತದೆ. ಅಲ್ಲದೆ ಬೆಂಗಳೂರಿನಲ್ಲಿ 2009ರ ಕಾನೂನಿನಂತೆ ನಿಮ್ಮ ಅಳತೆಯ ನಿವೇಶನಕ್ಕೆ ಮಳೆನೀರು ಕೊಯ್ಲು ಕಡ್ಡಾಯ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರವಿದೆ. ಸೋಸುವ ವಿಧಾನಗಳ ಮಾದರಿಗಳನ್ನು ಅಲ್ಲಿ ನೋಡಬಹುದು.

ಪ್ರಶ್ನೆ: ನಮ್ಮದು ಎರೆ (ಕಪ್ಪು ಮಣ್ಣಿನ) ಭೂಮಿ. ನಾವೂ ಹಿತ್ತಿಲಿನಲ್ಲಿ ಇಂಗುಗುಂಡಿ ಮಾಡಬಹುದೇ?
– ಓದುಗರು, ವಿಜಯಪುರ

ಉತ್ತರ: ಮನೆಯ ಹತ್ತಿರ ಬೇಡ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ; ಅಡಿಪಾಯದ ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಒಣ ಆದರೆ ಗೋಡೆ ಸೀಳುತ್ತದೆ. ಮೇಲಾಗಿ, ಒಮ್ಮೆ ಉಬ್ಬಿದ ಎರೆಯಲ್ಲಿ ನೀರು ಬಲು ನಿಧಾನವಾಗಿ ಇಂಗುತ್ತದೆ. ಮಳೆ ಕಡಿಮೆಯಿರುವ ನಿಮ್ಮ ಕಡೆ ನೀರನ್ನು ಇಂಗಿಸುವುದಕ್ಕಿಂತ ತೊಟ್ಟಿಯಲ್ಲಿ ಕೂಡಿಡುವುದೇ ಜಾಣತನ. ತೊಟ್ಟಿ ತುಂಬಿ ಹೊರಬರುವ ನೀರನ್ನು ಹಿತ್ತಿಲಿನ ದೂರದ ಅಂಚಿನ ನುಗ್ಗೆ, ಲಿಂಬೆ ಗಿಡಗಳ ಕಡೆಗೆ ತೆಳುವಾಗಿ ಹರಡುವಂತೆ ಬಿಡಿ.

ಪ್ರಶ್ನೆ: ನಾನು ತೋಟಗಾರಿಕೆ ಪದವಿ ವಿದ್ಯಾರ್ಥಿನಿ. ಊರಿನಲ್ಲಿ ಗುಡ್ಡ ಕಡಿದು ಕಟ್ಟಿದ ನಮ್ಮ ಮನೆಯ ಹಿಂದಿನ ಬರೆಯ (ಕಡಿದಾಗಿ ನಿಂತ ಮಣ್ಣಿನ ಗೋಡೆಯ) ಮೇಲೆ ಸಾಲಾಗಿ ಇಂಗುಗುಂಡಿ ತೋಡುವ ಯೋಜನೆ ಹಾಕಿದ್ದೇನೆ. ಮುಂದೆ ಭೂದೃಶ್ಯ ವಿನ್ಯಾಸವನ್ನೇ ಓದಬೇಕೆಂದಿದ್ದೇನೆ, ಈ ಕೆಲಸ ನೆರವಾದೀತೇ?
– ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಮೊದಲು ಆ ಗುಂಡಿಗಳ ಕೆಲಸ ನಿಲ್ಲಿಸಿ. ಕರಾವಳಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಳಗೆ ಅನೇಕ ಕಡೆ ಶೇಡಿಮಣ್ಣಿನ, ಅಂದರೆ ಜೇಡಿಯಂಥ ನುಣುಪು ಮಣ್ಣಿನ ಪದರವಿರುತ್ತದೆ, ನೀರು ಕುಡಿದ ಶೇಡಿ ಮೆತ್ತಗಾಗಿ ಜಾರುತ್ತದೆ. ಕಡಿದ ಬರೆಯ ನೆತ್ತಿಯಲ್ಲಿ ನೀರು ಇಂಗಿಸಿದರೆ ಆಷಾಢದ ಮಳೆಗೆ ಬರೆ ಮನೆಯ ಮೇಲೆಯೇ ಜರಿಯಬಹುದು. ಅಲ್ಲಿ ಮಾಡಬೇಕಾದದ್ದು ಅದರ ತದ್ವಿರುದ್ಧ: ಬರೆಯ ಅಂಚಿನಿಂದ ಹಿಂದಕ್ಕೆ ಒಂದು ಕಣಿ (ಕಾಲುವೆ) ತೆಗೆದು, ತಳಕ್ಕೆ ಕಲ್ಲು ಹಾಸಿ, ಗುಡ್ಡದಿಂದ ಇಳಿಯುವ ನೀರನ್ನು ಮನೆಯ ಬದಿಯಿಂದ ಕೆಳಗಿನ ತೋಟಕ್ಕೆ ದಾಟಿಸಿ. ಇಂಗಿಸುವುದಿದ್ದರೆ ಮನೆಗಿಂತ ಕೆಳಗೆ, ಸಮತಟ್ಟಾದ ಜಾಗದಲ್ಲಿ ಇಂಗಿಸಿ. ಬರೆಯ ಮೈಗೆ ಲಾವಂಚ ನೆಡಿ.

ಓದಿನ ವಿಷಯಕ್ಕೆ ಬಂದರೆ, ದೆಹಲಿಯ ಎಸ್‌ಪಿಎ (ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ), ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಮೊದಲಾದೆಡೆಯ ಭೂದೃಶ್ಯ ಸ್ನಾತಕೋತ್ತರ ಕೋರ್ಸುಗಳಿಗೆ ಸಾಮಾನ್ಯವಾಗಿ ವಾಸ್ತುಶಿಲ್ಪದ ಪದವಿ ಕೇಳುತ್ತಾರೆ. ತೋಟಗಾರಿಕೆ ಓದಿದವರಿಗೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಪುಷ್ಪಕೃಷಿ ಮತ್ತು ಭೂದೃಶ್ಯ ವಿನ್ಯಾಸದ ವಿಭಾಗವಿದೆ. ಎಲ್ಲಿಗೆ ಹೋದರೂ ಕಣಿಯ ಅಳತೆ, ಇಳಿಜಾರಿನ ಲೆಕ್ಕ, ಮಳೆಗಾಲಕ್ಕೆ ಮುಂಚಿನ ಮತ್ತು ಅನಂತರದ ಚಿತ್ರಗಳು ಇವಿಷ್ಟನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಇಟ್ಟುಕೊಂಡು ಹೋಗಿ. ಸಂದರ್ಶನದಲ್ಲಿ ಚೆಂದದ ಬಣ್ಣದ ನಕ್ಷೆಗಳಿಗಿಂತ ಅಂಥ ಪುಸ್ತಕವೇ ನಿಮ್ಮ ಪರವಾಗಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅಭಿಪ್ರಾಯ.