ಪೈರೈಟ್ ಅಂಟಿದ ಗೆಲೀನಾ ಆಸಿಡ್‌ನಲ್ಲಿ ಮಂಕಾಗುವುದು ಯಾಕೆ

ತುಕ್ಕು ಬಿಡಿಸಲು ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ), ಗೆಲೀನಾ (ಸೀಸ, ಗಂಧಕ ಸೇರಿದ ಖನಿಜ) ಎರಡೂ ಇರುವ ಕಲ್ಲನ್ನು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ಇಟ್ಟಿದ್ದೀರಿ. ಬೆಳಗ್ಗೆ ಪೈರೈಟ್ ಫಳಫಳ, ಗೆಲೀನಾ ಮಂಕು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಬ್ಯಾಟರಿಯ ಪ್ಲಸ್ ತಂತಿ ಕೊಟ್ಟರೆ ಮಂಕು ಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ.

ಮೊದಲು ವಾಸನೆಯ ವಿಷಯ. ಅದು ಹೈಡ್ರೋಜನ್ ಸಲ್ಫೈಡ್, ವಿಷಾನಿಲ. ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ. ವಾಸನೆ ನಿಂತಿತು ಅಂತ ಧೈರ್ಯ ಮಾಡಬೇಡಿ. ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ, ಚೆನ್ನಾಗಿ ಗಾಳಿಯಾಡಿದ ಮೇಲೆ ಒಳಗೆ ಹೋಗಿ.

ಈಗ ಮಂಕಿನ ಕಥೆ. ಈ ಎರಡೂ ಖನಿಜಗಳಲ್ಲಿ ವಿದ್ಯುತ್ ಹರಿಯುತ್ತದೆ. ಒಂದಕ್ಕೊಂದು ಅಂಟಿಕೊಂಡು ಆಸಿಡ್‌ನಲ್ಲಿ ಕೂತರೆ ಅದೇ ಒಂದು ಪುಟ್ಟ ಬ್ಯಾಟರಿ. ಪೈರೈಟ್ ಸುಮಾರು 0.6 ವೋಲ್ಟ್‌ನಲ್ಲಿದ್ದರೆ ಗೆಲೀನಾ 0.4ರ ಆಸುಪಾಸು. ವೋಲ್ಟ್ ಕಡಿಮೆ ಇರುವ ಗೆಲೀನಾ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಸವೆಯುತ್ತದೆ. ಸೀಸ ದ್ರಾವಣಕ್ಕೆ ಇಳಿಯುತ್ತದೆ, ಗಂಧಕ ಮೇಲೆಯೇ ಪದರವಾಗಿ ಉಳಿಯುತ್ತದೆ. ಪೈರೈಟ್‌ಗೆ ಏನೂ ಆಗಿರುವುದಿಲ್ಲ.

ಇದಕ್ಕೆ ಕುಮ್ಮಕ್ಕು ಕೊಡುವುದು ನೀವು ತೆಗೆಯಲು ಹೊರಟ ತುಕ್ಕೇ. ಕರಗಿದ ತುಕ್ಕು ಫೆರಿಕ್ ಕಬ್ಬಿಣವಾಗಿ ಆಸಿಡ್‌ನಲ್ಲಿ ಸೇರುತ್ತದೆ. ಅದು ಪೈರೈಟ್‌ನ ಮೈಮೇಲೆ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ, ಆ ಎಲೆಕ್ಟ್ರಾನ್ ಬರುವುದು ಗೆಲೀನಾದಿಂದ. ಆಸಿಡ್ ಹಳದಿಯಾದಷ್ಟೂ ಗೆಲೀನಾಗೆ ಪೆಟ್ಟು ಜಾಸ್ತಿ. ನನ್ನದೊಂದು ಕಲ್ಲು ಹೀಗೇ ಹಾಳಾಯಿತು. ಲೆನ್ಸ್ ಹಿಡಿದು ನೋಡಿದರೆ ಪೈರೈಟ್ ತಾಗಿದ ಅಂಚಿನಲ್ಲಿ ಕೂದಲೆಳೆಯಷ್ಟು ಕಾಲುವೆ ಕೊರೆದಿತ್ತು. ದೂರದ ಮೂಲೆ ಇನ್ನೂ ಹೊಳೆಯುತ್ತಿತ್ತು.

ಪ್ಲಸ್ ತಂತಿ ಕೊಟ್ಟರೆ ಇದೇ ಕೆಲಸ ಇನ್ನೂ ಬೇಗ ನಡೆಯುತ್ತದೆ. ವೋಲ್ಟೇಜ್ ಏರಿದರೆ ಪೈರೈಟೂ ಉಳಿಯಲ್ಲ. ಅದರ ಗಂಧಕ ಬಹುಪಾಲು ಸಲ್ಫೇಟ್ ಆಗಿ ಇನ್ನಷ್ಟು ಆಸಿಡ್ ಹುಟ್ಟುತ್ತದೆ.

ಹೋದ ಹೊಳಪು ವಾಪಸ್ ಬರಲ್ಲ, ಉಳಿದದ್ದನ್ನು ಕಾಪಾಡಬಹುದು. ಗ್ಲೌಸ್ ಹಾಕಿ ಕಲ್ಲನ್ನು ಹೊರತೆಗೆದು ನೀರಲ್ಲಿ ತೊಳೆಯಿರಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಮೂರು ಸಲ ಜಾಲಿಸಿ. ಬಿರುಕುಗಳ ಒಳಗೂ ಒಣಗಬೇಕು, ಅವಸರ ಬೇಡ. ಆ ಆಸಿಡ್‌ನಲ್ಲಿ ಸೀಸ ಇದೆ, ಸಿಂಕ್‌ಗೆ ಸುರಿಯಬೇಡಿ.

ಉಳಿದ ತುಕ್ಕಿಗೆ ಸೋಡಿಯಂ ಡೈಥಯೊನೈಟ್, ಸೋಡಿಯಂ ಸಿಟ್ರೇಟ್, ಅಡುಗೆ ಸೋಡಾ ಸೇರಿದ ದ್ರಾವಣ ವಾಸಿ. ಅದರಲ್ಲಿ ಆಸಿಡ್ ಇಲ್ಲ, ಕಬ್ಬಿಣವೂ ಫೆರಿಕ್ ಆಗಿ ಉಳಿಯಲ್ಲ. ಆದರೂ ಮೊದಲು ಒಂದು ಚೂರಿನ ಮೇಲೆ ನೋಡಿ. ಅದಕ್ಕೂ ಗಾಳಿಯಾಡುವ ಜಾಗವೇ ಬೇಕು.

ಎರಡು ಖನಿಜ ಸೇರುವ ಅಂಚಿನ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಎಷ್ಟು ಆಳ ಹೋಗಿದೆ ನೋಡೋಣ.