ಡೀಸೆಲ್ ದರ ಏರಿದರೂ ವಿಜಯಪುರದ ಕಡೆ ಜನ ದೊಡ್ಡ ಗಾಡಿ ಯಾಕೆ ಬಿಡುವುದಿಲ್ಲ?

ಬರೀ ಶೋಕಿ ಅಲ್ಲ. ಮಳೆ ಬಿದ್ದಾಗ ಇಂಡಿ ಕಡೆ ಹೊಲದ ದಾರಿಗೆ ಇಳಿದು ನೋಡಿ. ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಸಣ್ಣ ಕಾರು ಅಲ್ಲೇ ಕೂತುಬಿಡುತ್ತದೆ. ನಮ್ಮ ಕಾಕಾ ಹಳೆಯ ಜೀಪು ಮಾರದೆ ಇಟ್ಟುಕೊಂಡಿರುವುದು ಅದಕ್ಕೇ. ಹಿಂದೆ ಯಾವಾಗಲೂ ಎರಡು ಗೊಬ್ಬರದ ಚೀಲ, ಒಂದು ಹಗ್ಗ ಇದ್ದೇ ಇರುತ್ತವೆ.

ಆದರೆ ಪೇಟೆಯಲ್ಲಷ್ಟೇ ಓಡಾಡುವವರಿಗೆ ಇದು ಸುಮ್ನೆ ಖರ್ಚು. 2025ರ ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿತು, ಲೀಟರಿಗೆ ಸುಮಾರು 2 ರೂಪಾಯಿ ಜಾಸ್ತಿ ಆಯಿತು. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 20 ಮೈಲೇಜ್ ಗಾಡಿಗೆ 50 ಲೀಟರ್ ಸಾಕು, 12 ಕೊಡುವುದಕ್ಕೆ 83 ಬೇಕು.

ಗಾಡಿ ಬಿಡಲು ಮನಸ್ಸಿಲ್ವಾ? ಸೊಲ್ಲಾಪುರ ಹೆದ್ದಾರಿಯಲ್ಲಿ 110ರ ಬದಲು 80ರಲ್ಲಿ ಹೋಗಿ. ಎದುರು ಗಾಳಿಯ ತಡೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.